ಆಯಿಯ ಕೆಂಪು ಗೆರೆ

ನಮ್ಮ ಮನೆಯ ಪಡಸಾಲೆಯಲ್ಲಿ, ಮೂಡಣ ಗೋಡೆಯ ಮೇಲೆ, ಈ ಮೂಲೆಯಿಂದ ಆ ಮೂಲೆಯವರೆಗೆ ಒಂದು ಕೆಂಪು ಗೆರೆ ಇತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿದ ಮರುದಿನ ಅದನ್ನು ಹೊಸದಾಗಿ ಹೊಡೆಯುತ್ತಿದ್ದರು. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಹತ್ತಿಯ ದಾರ ಅದ್ದಿ, ಎರಡು ತುದಿಗಳನ್ನು ಇಬ್ಬರು ಹಿಡಿದು ಜಗ್ಗಿ ನಿಲ್ಲಬೇಕು. ಆಯಿ ನಡುವೆ ಬಂದು ದಾರವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ಟಪ್ಪೆಂದು ಗೋಡೆಗೆ ಬಡಿದು ಗೆರೆ ಮೂಡುತ್ತಿತ್ತು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಕಡೆಗೆ ಹೊಲದ ಆಳುಗಳೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಗೆರೆಯ ಎದುರಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಿಟಕಿ ಇತ್ತು. ಇಳಿಹೊತ್ತಿನ ಬಿಸಿಲು ಅಲ್ಲಿಂದ ಒಳಗೆ ಬಿದ್ದು, ಸೂರ್ಯ ಕೆಳಗಿಳಿದಂತೆಲ್ಲ ಗೋಡೆಯ ಮೇಲೆ ಮೆಲ್ಲಗೆ ಮೇಲೇರುತ್ತಿತ್ತು. ಬಿಸಿಲಿನ ಕೆಳಗಿನ ಅಂಚು ಗೆರೆ ಮುಟ್ಟಿತೆಂದರೆ ಹೊತ್ತು ಮುಳುಗಲು ಎರಡು ಘಳಿಗೆ, ಅಂದರೆ ಸುಮಾರು ಮುಕ್ಕಾಲು ಗಂಟೆ, ಉಳಿದಿದೆ ಎಂದು ಲೆಕ್ಕ. ನಾವು ಜೈನರು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಒಂದು ತುತ್ತು ಇಡುತ್ತಿರಲಿಲ್ಲ.

ಮೂವತ್ತು ವರ್ಷ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿದವಳು ನಾನು. ವರ್ಷಕ್ಕೊಮ್ಮೆಯಾದರೂ 'ರೂಲ್' ಎಂಬ ಪದ ಪಾಠದಲ್ಲಿ ಬರುತ್ತಿತ್ತು, ನಾನು ಅರ್ಥ ಕೇಳುತ್ತಿದ್ದೆ. ಒಬ್ಬ ತನ್ನ ರೂಲ್ ಪಟ್ಟಿ ಎತ್ತಿ ತೋರಿಸುತ್ತಿದ್ದ. ಒಬ್ಬಳು ರೂಲ್ಸು ಅಂದರೆ ಕಾಯದೆ ಎನ್ನುತ್ತಿದ್ದಳು. ಹಿಂದಿನ ಬೆಂಚಿನವನೊಬ್ಬ ಬ್ರಿಟಿಷರ ಆಳಿಕೆ ಎಂದು ಇತಿಹಾಸ ಒದರುತ್ತಿದ್ದ. ಇನ್ನೊಬ್ಬ ಮೇಷ್ಟ್ರ ಕೈಯಲ್ಲಿನ ರೂಲುದೊಣ್ಣೆಯನ್ನು ನೆನೆದು ಅಂಗೈ ತಿಕ್ಕಿಕೊಳ್ಳುತ್ತಿದ್ದ. ಎಲ್ಲ ಸರಿ, ಕೂತುಕೊಳ್ಳಿ ಎನ್ನುತ್ತಿದ್ದೆ. ಬೋರ್ಡಿನ ಮೇಲೆ ಉತ್ತರ ಬರೆಯುವಾಗ ಮಾತ್ರ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಭೋಜದ ಹತ್ತಿರದ ನಮ್ಮೂರಿನ ಆ ಗೋಡೆ, ಅದರ ಕೆಳಗೆ ತಲೆಯ ಮೇಲೆ ಸೆರಗು ಹೊದ್ದು ಕೂತ ಆಯಿ. ನಿಘಂಟಿನಲ್ಲಿರುವ ಅಷ್ಟೂ ಅರ್ಥಗಳನ್ನು ನಾನು ಕಲಿತದ್ದು ಆ ಹೆಂಗಸಿನಿಂದ. ಅವಳಿಗೆ ಕನ್ನಡದಲ್ಲಿ ಸಹಿ ಹಾಕುವುದೊಂದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ.

ಆಯಿಯ ಕಾರಭಾರವನ್ನು ಹೇಗೆ ಹೇಳಲಿ? ಅವಳು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಬೆಳಿಗ್ಗೆ ಬಾವಿಯ ನೀರನ್ನು ನಾಲ್ಕು ಮಡಿಕೆ ಅರಿವೆಯಲ್ಲಿ ಸೋಸಿ ಹಂಡೆ ತುಂಬುವುದರಿಂದ ಹಿಡಿದು, ಆಳುಗಳ ಬುತ್ತಿ ಕಟ್ಟುವುದು, ಎಮ್ಮೆ ಹಿಂಡುವುದು, ಬಸದಿಗೆ ಅಕ್ಕಿ ಕಳಿಸುವುದು, ಎಲ್ಲವೂ ಅವಳು ಕೂತಲ್ಲಿಂದಲೇ ನಡೆಯುತ್ತಿದ್ದವು. ಅಡಿಗೆಮನೆ ಸೊಸೆಯಂದಿರದ್ದು, ಎಂಟೆಂಟು ದಿನದ ಪಾಳಿ. ಪಾಳಿ ಯಾರದೋ ಒಲೆಯ ಮುಂದೆ ಅವಳದೇ ಮಾತು. ಆಯಿಗೆ ಉಪ್ಪು ಬೇಕಾದರೂ ಅವಳನ್ನೇ ಕೇಳಬೇಕು. ನನ್ನ ಅವ್ವ ರಾಯಬಾಗದ ಕಡೆಯವಳು, ಅಲಖನೂರಿನಿಂದ ಬಂದವಳು. ಮದುವೆಯಾದ ಹೊಸತರಲ್ಲಿ, ಅತ್ತೆ ತನ್ನ ಬಳಿ ಬಂದು "ಇನ್ನೊಂದ ರೊಟ್ಟಿ ಹಾಕ್ತೀ ಏನವ್ವಾ" ಎಂದು ಕೇಳಿದ್ದಕ್ಕೆ ಹೆದರಿ ಅತ್ತುಬಿಟ್ಟಿದ್ದಳಂತೆ. ಎಲ್ಲರ ತಾಟು ಎದ್ದ ಮೇಲೆ ಆಯಿ ಕೂರುತ್ತಿದ್ದಳು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಕಣ್ಣು ಮಾತ್ರ ಗೆರೆಯ ಮೇಲೆ. ಎಷ್ಟೋ ಸಲ ಅರ್ಧ ರೊಟ್ಟಿ ಉಳಿದಿರುವಾಗಲೇ ಬಿಸಿಲು ಗೆರೆ ಮುಟ್ಟಿ, ತಾಟು ಸರಿಸಿ ಕೈ ತೊಳೆದದ್ದನ್ನು ಕಂಡಿದ್ದೇನೆ. ಮೋಡ ಮುಚ್ಚಿದ ದಿನ ಹಿತ್ತಲಿನ ಸಂಜೆಮಲ್ಲಿಗೆ ಅರಳಿದ್ದನ್ನು ನೋಡಿ ಹೊತ್ತು ಹೇಳುತ್ತಿದ್ದಳು. ಪಡಸಾಲೆಯಲ್ಲಿ ಗಡಿಯಾರವೂ ಇತ್ತು. ಅದರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಅದಕ್ಕೆ ಕೀಲಿ ಕೊಡೋರು ಮರೀತಾರ, ಸೂರ್ಯಗ ಯಾರ ಕೀಲೀನೂ ಬೇಕಾಗಿಲ್ಲ ಎನ್ನುತ್ತಿದ್ದಳು.

ಗೆರೆಗೆ ಒಮ್ಮೆ ನನ್ನ ಕಾಕಾ, ಅಪ್ಪನ ತಮ್ಮ, ಸಿಕ್ಕಿಬಿದ್ದ. ತಂಬಾಕು ಕೊಟ್ಟು ನಿಪ್ಪಾಣಿಯಿಂದ ಬರುವಾಗ ಗಾಡಿಯ ಕೀಲು ಮುರಿದು, ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಗೆರೆಯಿಂದ ನಾಲ್ಕು ಬೆರಳು ಮೇಲೇರಿತ್ತು. ಬೆಳಗಿನಿಂದ ಉಂಡಿರಲಿಲ್ಲ. ಕಟ್ಟುಮಸ್ತು ಆಸಾಮಿ, ಹಸಿದರೆ ಕಣ್ಣು ಕೆಂಪಾಗುತ್ತಿದ್ದವು. ಅವನು ಗೋಡೆಯ ಕಡೆ ಬೊಟ್ಟು ಮಾಡಿ ಕೇಳಿದ:

"ನಾಕ ಬೆರಳಿನ ಸಲುವಾಗಿ ಮಗನ್ನ ಉಪಾಸ ಕೆಡವ್ತೀ ಏನ ಆಯಿ?"

"ನಾ ಎಲ್ಲಿ ಕೆಡವಾಕತ್ತೇನೋ. ಗೆರಿ ಐತಿ, ಬಿಸಲ ಐತಿ, ನೀ ಅದಿ. ನೋಡ್ಕೋ."

ಕಾಕಾ ರುಮಾಲು ಎಸೆದು ಕಟ್ಟೆಯ ಮೇಲೆ ಹೋಗಿ ಮಲಗಿದ. ಆಯಿ ಅವನ ಪಕ್ಕದಲ್ಲಿ ಬಹಳ ಹೊತ್ತು ಕೂತು ಬೀಸಣಿಗೆ ಬೀಸಿದಳು. ಕಾಕಾ ಆ ಉಪವಾಸವನ್ನು ಮರೆಯಲಿಲ್ಲ. ನಾನು ಏಳನೆಯ ಇಯತ್ತೆ ಮುಗಿಸಿದ ವರ್ಷ ಅದನ್ನು ಹೊರತೆಗೆದ.

ನಮ್ಮೂರಿನಲ್ಲಿ ಶಾಲೆ ಏಳರವರೆಗೆ ಮಾತ್ರ. ಮುಂದೆ ಕಲಿಯಬೇಕೆಂದರೆ ನಿಪ್ಪಾಣಿಗೆ ಹೋಗಬೇಕು. ಅಲ್ಲಿ ಶಾಲೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದರೆ ಐದು ಗಂಟೆ. ನಮ್ಮೂರ ಬಸ್ಸು ಹೊರಡುವುದು ಐದೂವರೆಗೆ. ಅದು ಎಲ್ಲೆಲ್ಲೋ ನಿಂತು ಊರು ಮುಟ್ಟುವುದರಲ್ಲಿ ಗೋಡೆಯ ಮೇಲಿನ ಬಿಸಿಲು ಗೆರೆ ದಾಟಿರುತ್ತಿತ್ತು, ಚಳಿಗಾಲದಲ್ಲಂತೂ ಮನೆಮನೆಗೆ ದೀಪ ಹಚ್ಚಿರುತ್ತಿದ್ದರು. ನಮ್ಮ ಓಣಿಯಿಂದ ಒಬ್ಬ ಹುಡುಗಿಯೂ ಅಲ್ಲಿಯವರೆಗೆ ಹೈಸ್ಕೂಲಿಗೆ ಹೋಗಿರಲಿಲ್ಲ. ನನಗೋ ಕಲಿಯುವ ಹುಚ್ಚು. ಏಳನೆಯ ಪುಸ್ತಕದ ಕೊನೆಯ ಪಾಠ ಮುಗಿದ ದಿನ ಹಿತ್ತಲಲ್ಲಿ ಕೂತು ಅತ್ತಿದ್ದೆ. ಅಪ್ಪ ಕಳಿಸಲು ಮನಸ್ಸಿದ್ದವನೇ, ಆದರೆ ನಾಲ್ಕು ಮಂದಿಯ ಮುಂದೆ ಬಾಯಿ ಬಿಡುವವನಲ್ಲ. ಕಾಕಾ ಪಡಸಾಲೆಯ ನಡುವೆ ನಿಂತು ಆಯಿಯನ್ನು ಕೇಳಿದ:

"ಈಕಿ ದಿನಾ ಉಪಾಸ ಇರಾಕಿ, ಇಲ್ಲಾ ದಿನಾ ನೇಮಾ ಮುರಿಯಾಕಿ. ಯಾವದ ಬೇಕ ಹೇಳು. ನನಗ ಗೆರಿ ತೋರಸಿದಿ, ಮೊಮ್ಮಗಳಿಗೆ ಏನ ತೋರಸ್ತಿ?"

ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಆಯಿ ಮೂರು ದಿನ ಏನೂ ಹೇಳಲಿಲ್ಲ. ನಾನು ಆ ಮೂರು ದಿನ ಗೆರೆಯನ್ನು ಮನಸಾರೆ ಶಪಿಸಿದೆ. ತಂಬಿಗೆ ನೀರು ಎರಚಿ ಅಳಿಸಿಬಿಡೋಣ ಎಂದೂ ಒಮ್ಮೆ ಎದ್ದಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಆಯಿ ಅವ್ವನನ್ನು ಕರೆದಳು.

"ಜೂನಿಂದ ಪದ್ಮಾಗ ಎರಡ ಬುತ್ತಿ ಕಟ್ಟವ್ವಾ. ಒಂದ ಮಧ್ಯಾನದ್ದು, ಒಂದ ಸಂಜೀದು. ಬಸ್ ಏರೂಕಿಂತ ಮೊದಲ ಸ್ಟ್ಯಾಂಡಿನ್ಯಾಗ ಕುಂತ ಉಣ್ಣಲಿ. ನೀರ ಮನೀದ ಕೊಡು, ಸೋಸಿದ್ದು."

ಕಾಕಾ ದಂಗಾಗಿ ನಿಂತ. ಏಕೆಂದರೆ ನಮ್ಮ ಮನೆಯಲ್ಲಿ ಇನ್ನೊಂದು ನೇಮವೂ ಇತ್ತು. ಮನೆ, ಹೊಲ, ಬಸದಿಯ ಅಂಗಳ, ಇವು ಬಿಟ್ಟರೆ ಹೆಣ್ಣುಮಕ್ಕಳು ಬಯಲಲ್ಲಿ ಕೂತು ಉಣ್ಣುವಂತಿರಲಿಲ್ಲ. ಆಯಿ ಅರವತ್ತು ವರ್ಷ ಬೀದಿಯಲ್ಲಿ ಒಂದು ಶೇಂಗಾ ಕಾಳು ಕೂಡ ಬಾಯಿಗೆ ಹಾಕಿದವಳಲ್ಲ.

"ಹೊರಗ ಉಣ್ಣಬಾರದು ಅಂತ ನೀನ ಅಂದಿದ್ದೆಲ್ಲ ಆಯಿ?"

"ಅಂದಿದ್ದೆ. ಈಗ ನಾನ ತಗದೆ. ನೇಮಾ ಹಾಕಿದವರಿಗೆ ತಗ್ಯಾಕೂ ಬರಬೇಕೋ."

ಹೀಗೆ ನಾನು ಹೈಸ್ಕೂಲಿಗೆ ಹೋದೆ. ಎರಡು ಡಬ್ಬಿ, ತಿರುಪಿನ ಮುಚ್ಚಳದ ಒಂದು ಹಿತ್ತಾಳೆ ತಂಬಿಗೆ, ಪುಸ್ತಕದ ಚೀಲ. ಮೊದಲ ಕೆಲವು ದಿನ ಸ್ಟ್ಯಾಂಡಿನ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ಯಾರೋ ಬೆನ್ನಟ್ಟಿದ ಹಾಗೆ ಗಬಗಬ ತಿಂದೆ. ಒಂದು ದಿನ ನನ್ನ ತರಗತಿಯ ಪೇಟೆ ಹುಡುಗಿಯರು ಆ ಕಡೆ ಬಂದರು. ಒಬ್ಬಳು ನನ್ನನ್ನು ತೋರಿಸಿ, ಇವಳ ಮನೆಯವರು ಅಡಿಗೆಮನೆಯನ್ನು ಸ್ಟ್ಯಾಂಡಿಗೇ ತಂದಿಟ್ಟಿದ್ದಾರೆ ಎಂದು ಮರಾಠಿಯಲ್ಲಿ ಅಂದಳು. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಅವಮಾನದಿಂದ ಕಿವಿ ಬಿಸಿಯಾದವು. ಮರುದಿನದಿಂದ ಸಂಜೆಯ ರೊಟ್ಟಿಯನ್ನು ಸ್ಟ್ಯಾಂಡಿನ ಹಿಂದೆ ಕಟ್ಟಿರುತ್ತಿದ್ದ ಆಕಳಿಗೆ ಹಾಕತೊಡಗಿದೆ. ಖಾಲಿ ಡಬ್ಬಿ, ಖಾಲಿ ಹೊಟ್ಟೆ ಹೊತ್ತು ಮನೆಗೆ ಬರುವುದು, ಅವ್ವ ಕೇಳಿದರೆ ಉಂಡೆ ಎನ್ನುವುದು. ನೇಮವೂ ಮುರಿಯಲಿಲ್ಲ, ಮಾನವೂ ಹೋಗಲಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಹಸಿವು ಮಾತ್ರ ರಾತ್ರಿಯೆಲ್ಲ ಹೊಟ್ಟೆಯಲ್ಲಿ ಗುರುಗುಟ್ಟುತ್ತಿತ್ತು.

ನಾನು ಮಾಡಿದ ತಪ್ಪು ನಮ್ಮಂಥ ಮನೆಯವರು ಮಾತ್ರ ಹಿಡಿಯಬಲ್ಲಂಥದ್ದು. ರೊಟ್ಟಿ ಆಕಳಿಗೆ ಹಾಕುತ್ತಿದ್ದೆ, ತಂಬಿಗೆಯ ನೀರು ಚೆಲ್ಲುವುದು ಮರೆಯುತ್ತಿದ್ದೆ. ಸಂಜೆಯ ಊಟವಿಲ್ಲದವಳಿಗೆ ಆ ಹೊತ್ತಿನ ನೀರು ನೆನಪಾಗುವುದಾದರೂ ಹೇಗೆ? ಸೋಸಿದ ನೀರನ್ನು ಹನಿಹನಿ ಲೆಕ್ಕ ಹಿಡಿಯುವ ಮನೆ ನಮ್ಮದು. ದಿನವೂ ತಂಬಿಗೆ ತುಂಬ ಹೋಗಿ ಸಂಜೆಯ ಪಾಲು ಹಾಗೇ ಉಳಿದು ಬರುವುದನ್ನು ಆಯಿ ಮೊದಲ ವಾರವೇ ಕಂಡಿದ್ದಳು. ಬೈದಿದ್ದರೆ, ಕಿವಿ ಹಿಂಡಿದ್ದರೆ, ಕಾಕಾನಿಗೆ ಹೇಳಿ ಶಾಲೆ ಬಿಡಿಸಿದ್ದರೆ ನಾನು ಬೇರೆ ಏನೋ ಆಗಿರುತ್ತಿದ್ದೆ. ಒಂದು ಸಂಜೆ ನಾನು ಕೈಕಾಲು ತೊಳೆದು ಒಳಗೆ ಬಂದಾಗ ಅವ್ವ ನನ್ನನ್ನು ಅಡಿಗೆಮನೆಯ ಬಾಗಿಲ ಮರೆಗೆ ಎಳೆದುಕೊಂಡಳು.

"ಖರೇ ಹೇಳು. ಸ್ಟ್ಯಾಂಡಿನ್ಯಾಗ ಉಣ್ತಿ ಏನ ನೀ?"

"ಉಣ್ತೀನಿ ಬೇ."

"ಆಯಿ ಎಂಟ ದಿನಾತು ಸಂಜೀಗೆ ಒಂದ ತುತ್ತ ಉಂಡಿಲ್ಲ. ಪಾಳಿ ನಂದ. ತಾಟ ಹಚ್ಚಿದ್ರ ಸರಸ್ತಾರ. ಯಾಕ್ರಿ ಅತ್ಯಾರ ಅಂದ್ರ, ಹುಡಿಗಿ ದಿನಾ ಹಸಗೊಂಡ ಬರಾಕತ್ತಾಗ ನಾ ಹ್ಯಾಂಗ ಉಣ್ಣಲಿ ಅಂತಾರ. ನನಗೇನ ತಿಳೀಬೇಕ ಹೇಳು."

ಪಡಸಾಲೆಗೆ ಹೋದೆ. ಗೋಡೆಯ ಮೇಲೆ ಬಿಸಿಲು ಇರಲಿಲ್ಲ, ಕಂದೀಲು ಹಚ್ಚಿದ್ದರು. ಆಯಿ ಗೆರೆಯ ಕೆಳಗೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಎಂಟು ದಿನದಲ್ಲಿ ಅವಳ ಕೆನ್ನೆ ಒಳಗಿಳಿದಿತ್ತು, ನಾನು ನೋಡಿರಲೇ ಇಲ್ಲ. ಅವಳ ಕಾಲ ಬಳಿ ಕುಸಿದು ಎಲ್ಲ ಹೇಳಿದೆ. ಹುಡುಗಿಯರು ನಕ್ಕದ್ದು, ಆಕಳು, ಸುಳ್ಳು, ಎಲ್ಲ. ಬಿಕ್ಕುತ್ತಾ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದೂ ಅಂದೆ. ಆಯಿ ಬತ್ತಿ ಕೆಳಗಿಟ್ಟಳು.

"ಅಳಬ್ಯಾಡ. ತಪ್ಪ ನಂದ ಐತಿ. ನಾ ನಿನಗ ನೇಮಾ ಕೊಟ್ಟೆ, ನೇಮಾ ನಡಸಾಕ ಜಾಗಾ ಕೊಡಲಿಲ್ಲ. ನಾಳೆ ನಾ ಬರ್ತೀನಿ."

ಮರುದಿನ ನಾನು ಶಾಲೆ ಬಿಟ್ಟು ಓಡುತ್ತ ಸ್ಟ್ಯಾಂಡಿಗೆ ಬಂದಾಗ ಆಯಿ ಬಂದು ಕೂತಿದ್ದಳು. ಬಸದಿಗೆ ಹೋಗುವಾಗ ಉಡುವ ಇಳಕಲ್ ಸೀರೆ, ತಲೆ ತುಂಬ ಸೆರಗು. ಮೂಲೆಯಲ್ಲಲ್ಲ, ಸ್ಟ್ಯಾಂಡಿನ ನಟ್ಟನಡುವಿನ ಕಲ್ಲುಬೆಂಚಿನ ಮೇಲೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡ ಶೇಂಗಾ ಮಾರುವವಳು. ಗಾಳಿಯಲ್ಲಿ ತಂಬಾಕಿನ ಘಾಟು. ಕೊಲ್ಲಾಪುರದ ಬಸ್ಸಿಗೆ ಜನ ಮುಕುರಿಕೊಂಡಿದ್ದರು. ಆಯಿ ತಂಬಿಗೆಯ ನೀರಿನಿಂದ ಬೆಂಚು ಒರೆಸಿದಳು, ಬುತ್ತಿಯ ಅರಿವೆ ಹಾಸಿದಳು, ಡಬ್ಬಿ ಬಿಚ್ಚಿದಳು. ನಾನು ರೂಢಿಯಂತೆ ಗೋಡೆಯ ಕಡೆ ತಿರುಗಿ ಕೂತೆ. ಅವಳು ನನ್ನ ಭುಜ ಹಿಡಿದು ಮಂದಿಯ ಕಡೆ ತಿರುಗಿಸಿದಳು.

"ಕಳ್ಳರಂಗ ಗ್ವಾಡಿಗೆ ಮಾರಿ ಮಾಡಬ್ಯಾಡ. ನಮ್ಮ ರೊಟ್ಟಿ, ನಮ್ಮ ಹೊತ್ತು. ಮಂದೀಗೆ ಮಾರಿ ಕೊಟ್ಟ ಉಣ್ಣು. ಎದರಿಗೆ ಬಂದವರಿಗೆ ಉಣ್ಣೂಣು ಬರ್ರಿ ಅನ್ನು."

ಹಾಗೆಂದು ತಾನೇ ಮೊದಲ ತುತ್ತು ಮುರಿದಳು. ಅದನ್ನು ಬಾಯಿಗೆ ಒಯ್ಯುವ ಮುಂಚೆ ತಲೆಯ ಸೆರಗನ್ನು ಒಮ್ಮೆ ಸರಿಪಡಿಸಿಕೊಂಡಳು. ಅರವತ್ತು ವರ್ಷದಲ್ಲಿ ಅವಳು ಬೀದಿಯಲ್ಲಿ ಉಂಡ ಮೊದಲ ತುತ್ತು ಅದು. ಸುತ್ತ ಗಂಡಸರು, ಬಸ್ಸಿನ ಕಿಟಕಿಗಳಿಂದ ಹೊರಚಾಚಿದ ಮುಖಗಳು. ಆಯಿ ಕಣ್ಣು ಕೆಳಗಿಳಿಸಲಿಲ್ಲ. ಶೇಂಗಾದವಳನ್ನು ನೋಡಿ "ಬಾರವ್ವಾ, ಉಣ್ಣೂಣು" ಎಂದಳು. ಅವಳು ಮೊದಲು ನಕ್ಕು, ಆಮೇಲೆ ಕೈ ಒರೆಸಿಕೊಂಡು ಅರ್ಧ ರೊಟ್ಟಿ ಈಸಿಕೊಂಡಳು. ಅಷ್ಟರಲ್ಲಿ ನನ್ನ ತರಗತಿಯ ಹುಡುಗಿಯರು ಬಂದರು. ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಆಯಿ ತನಗೆ ಬರುವಷ್ಟು ಮರಾಠಿಯಲ್ಲಿ ಅವರನ್ನೂ ಕರೆದಳು. ಅಡಿಗೆಮನೆಯ ಮಾತಾಡಿದವಳೇ ಮೊದಲು ಕೈ ಚಾಚಿದಳು. ಚಟ್ನಿಯ ಖಾರಕ್ಕೆ ಅವಳ ಮೂಗಿನಲ್ಲಿ ನೀರಿಳಿಯಿತು, ಆಯಿ ತಂಬಿಗೆ ಎತ್ತಿ ಅವಳ ಬೊಗಸೆಗೆ ನೀರು ಹಾಕಿದಳು.

ಆರು ದಿನ ಆಯಿ ಹಾಗೆ ಬಂದಳು. ಮೂರನೆಯ ದಿನ ಉಂಡ ಮೇಲೆ, ಬಸ್ಸಿಗೆ ಇನ್ನೂ ಹೊತ್ತಿತ್ತು, ಇಂದು ಏನು ಕಲಿಸಿದರು ಎಂದು ಕೇಳಿದಳು. ಅಂದು ಇಂಗ್ಲಿಷಿನಲ್ಲಿ ರೂಲ್ ಎಂಬ ಪದ ಬಂದಿತ್ತು. ಗೆರೆ ಹೊಡೆಯುವುದಕ್ಕೂ ಅದೇ ಅನ್ನುತ್ತಾರೆ, ನೇಮಕ್ಕೂ ಅದೇ, ರಾಜ ಆಳುವುದಕ್ಕೂ ಅದೇ ಎಂದು ಹೇಳಿದೆ. ಆಯಿ ಗಲ್ಲಕ್ಕೆ ಬೆರಳಿಟ್ಟು ಸ್ವಲ್ಪ ಯೋಚಿಸಿದಳು.

"ಇಂಗ್ರೇಜಿ ಮಂದಿ ಮನ್ಯಾಗೂ ಒಂದ ಗ್ವಾಡಿ ಇತ್ತ ಅನಸ್ತೈತಿ" ಎಂದಳು. ಶೇಂಗಾದವಳಿಗೆ ಏನು ತಿಳಿಯಿತೋ, ಅವಳೂ ನಮ್ಮ ಜೊತೆ ನಕ್ಕಳು.

ಏಳನೆಯ ದಿನ ಆಯಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ನಾನು ಬರುವಷ್ಟರಲ್ಲಿ ಶೇಂಗಾದವಳು ಬೆಂಚಿನ ಮೇಲೆ ತನ್ನ ಬುಟ್ಟಿ ಇಟ್ಟು ಜಾಗ ಹಿಡಿದಿದ್ದಳು. ಯಾರೋ ಕೂರಲು ಬಂದರೆ "ಏಳ್ರಿ, ಆ ಮುದುಕವ್ವನ ಮೊಮ್ಮಗಳ ಜಾಗಾ ಅದು" ಎಂದು ಎಬ್ಬಿಸುತ್ತಿದ್ದಳು. ಮೂರು ವರ್ಷ ಅಲ್ಲಿ ಉಂಡೆ. ತಂಬಿಗೆ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಆಯಿ ಅದನ್ನು ಕೈಯಲ್ಲಿ ಒಮ್ಮೆ ತೂಗಿ ನೋಡಿ ಗೂಡಿನಲ್ಲಿ ಇಡುತ್ತಿದ್ದಳು. ಮುಂದಿನ ವರ್ಷ ಓಣಿಯ ಇನ್ನಿಬ್ಬರು ಹುಡುಗಿಯರು ಎರಡೆರಡು ಬುತ್ತಿ ಹಿಡಿದು ಬಸ್ ಹತ್ತಿದರು, ಅವರಲ್ಲೊಬ್ಬಳು ಕಾಕಾನ ಮಗಳು. ಆ ದೀಪಾವಳಿಗೆ ಗೆರೆ ಹೊಡೆಯುವಾಗ ದಾರದ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿಯನ್ನು ಕಾಕಾ ಬಂದು ಹಿಡಿದ.

ನಾನು ದೊಡ್ಡವಳಾದ ಮೇಲೆ ಬಹಳ ಮಂದಿ ಹೆಡ್‌ಮಾಸ್ತರರ ಕೈಕೆಳಗೆ ದುಡಿದೆ, ಕೊನೆಗೆ ನಾನೂ ಆ ಖುರ್ಚಿಯಲ್ಲಿ ಕೂತೆ. ಕೋಪಿಷ್ಠೆ ಎಂದು ಹೆಸರು ಪಡೆದೆ, ಅದೇನೂ ಸುಳ್ಳಲ್ಲ. ಆದರೂ ಒಂದು ಹುಕುಂ ಬರೆದು ಸಹಿ ಹಾಕುವ ಮುಂಚೆ, ಇದನ್ನು ನಡೆಸಲು ಈ ಹುಡುಗರಿಗೆ ಜಾಗವೆಲ್ಲಿದೆ ಎಂದು ಕೇಳಿಕೊಳ್ಳುವುದು ರೂಢಿಯಾಯಿತು. ಎಷ್ಟೋ ಸಲ ಆ ಕಾಗದವನ್ನು ಹರಿದು ಹಾಕಿದ್ದೇನೆ. ಆಯಿಯನ್ನು ನಾನು ಈಗಲೂ ಬೆರಗಿನಿಂದಲೇ ನೆನೆಯುತ್ತೇನೆ, ಅವಳಂಥ ಆಳುವವರನ್ನು ಮತ್ತೆ ನಾನು ಕಾಣಲಿಲ್ಲ. ಮನೆ ಈಗ ಕಾಕಾನ ಮಕ್ಕಳ ಪಾಲಿಗೆ ಬಂದಿದೆ. ಆ ಗೋಡೆಗೆ ತಿಳಿಹಸಿರು ಬಣ್ಣ ಬಳಿದು ಟಿವಿ ಹಾಕಿದ್ದಾರೆ, ಚೆನ್ನಾಗಿಯೇ ಕಾಣುತ್ತದೆ. ನನ್ನ ನೇಮವೂ ಎಂದೋ ಸಡಿಲಾಯಿತು. ಏಳು ಗಂಟೆಗೆ ಚಹಾ ಕುಡಿಯುತ್ತೇನೆ, ಅದರ ಜೊತೆ ಬಿಸ್ಕಿಟೂ ಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಮದುವೆ ಮುಗಿಸಿ ಚಿಕ್ಕೋಡಿಗೆ ಮರಳಲು ನಿಪ್ಪಾಣಿಯ ಸ್ಟ್ಯಾಂಡಿಗೆ ಬಂದೆ. ಹಳೆಯ ಕಲ್ಲುಬೆಂಚು ಇಲ್ಲ, ಈಗ ಸಾಲಾಗಿ ಕಬ್ಬಿಣದ ಖುರ್ಚಿಗಳು. ನಟ್ಟನಡುವಿನ ಖುರ್ಚಿಯಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ತೊಡೆಯ ಮೇಲೆ ಅರಿವೆ ಹಾಸಿ ಸ್ಟೀಲ್ ಡಬ್ಬಿ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ನೀರಿನ ಬಾಟಲಿ. ನಾನು ನಿಂತುಬಿಟ್ಟೆ. ಯಾವೂರವ್ವಾ ಎಂದು ಕೇಳಿದೆ. ನಮ್ಮೂರ ಹೆಸರನ್ನೇ ಹೇಳಿದಳು.

"ಮನಿಗೆ ಹೋಗಿ ಉಣಬಾರದೇನ?"

"ಹೊತ್ತ ಮುಳಗ್ತೈತ್ರಿ. ನಮ್ಮ ಕಡೆ ಸಾಲಿ ಹುಡುಗ್ಯಾರು ಇಲ್ಲೇ ಉಂಡ ಬಸ್ ಏರೂದು."

"ಹಂಗಂತ ಯಾರ ಹೇಳಿದ್ರು ನಿನಗ?"

ಇದೆಂಥ ಪ್ರಶ್ನೆ ಎನ್ನುವಂತೆ ನನ್ನನ್ನು ನೋಡಿದಳು.

"ಯಾರಂತ ಗೊತ್ತಿಲ್ರಿ. ಮೊದಲಿಂದ ಹಂಗ ಐತಿ."

ಆಯಿಯ ಹೆಸರು ಹೇಳಬೇಕೆಂದು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಹುಡುಗಿ ಒಂದು ರೊಟ್ಟಿಯನ್ನು ಎರಡು ಮಾಡಿ, ಚಟ್ನಿ ಹಚ್ಚಿ, ಅರ್ಧವನ್ನು ನನ್ನ ಕಡೆ ಚಾಚಿದಳು.

"ಬರ್ರಿ ಆಯಿ, ಉಣ್ಣೂಣು."

ನಾನು ಪಡುವಣಕ್ಕೆ ನೋಡಿದೆ. ಹೊತ್ತು ಇನ್ನೂ ಇತ್ತು. ಕೈಚೀಲ ಕೆಳಗಿಟ್ಟು, ಮಂದಿಯ ಕಡೆ ಮುಖ ಮಾಡಿ ಅವಳ ಪಕ್ಕ ಕೂತೆ.